ಮಿಡಿಮರದ ದಾರಿ ಬರೆದವರು

ನನಗೆ ಸಿಟ್ಟು ಜಾಸ್ತಿ ಅಂತ ನರಸಿಂಹರಾಜಪುರದಲ್ಲಿ ಎಲ್ಲರಿಗೂ ಗೊತ್ತು. ಮೂವತ್ತೊಂದು ವರ್ಷ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವಳು ನಾನು, ಸಿಟ್ಟಿಲ್ಲದೆ ಆ ಕೆಲಸ ನಡೆಯುವುದಿಲ್ಲ. ಆದರೆ ಮಕ್ಕಳ ಮೇಲಿನ ಸಿಟ್ಟು ಗಂಟೆ ಹೊಡೆದರೆ ಮುಗಿಯುತ್ತಿತ್ತು. ನಮ್ಮ ಮನೆಯವರ ಮೇಲೆ 2009ರ ಮಾರ್ಚಿನಲ್ಲಿ ಬಂದ ಸಿಟ್ಟು ಇವತ್ತಿಗೂ ಮುಗಿದಿಲ್ಲ. ಅವರಿಗಿಂತ ಹೆಚ್ಚು ನನ್ನ ಮೇಲೇ ಇದೆ, ಅದನ್ನೂ ಮುಂದೆ ಹೇಳುತ್ತೇನೆ.

ಆದರೆ ಇದು ನಮ್ಮಿಬ್ಬರ ಕಥೆಯಲ್ಲ. ವೀರಬಸಮ್ಮನ ಕಥೆ. ವೀರಬಸಮ್ಮ ನನ್ನ ಓರಗಿತ್ತಿ, ನಮ್ಮ ಮನೆಯವರ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಅನ್ನುತ್ತೇನೆ. ನಾನು ಸೊಸೆಯಾಗಿ ಈ ಮನೆಗೆ ಬರುವಾಗಲೇ ಭಾವ ತೀರಿಕೊಂಡಿದ್ದರು. ಭಾವ ಹೋದಾಗ ಅಕ್ಕನಿಗೆ ಇಪ್ಪತ್ತೊಂಬತ್ತು, ಮಕ್ಕಳಿಲ್ಲ. ನೆಂಟರೆಲ್ಲ ಸೇರಿ, "ಅಡುಗೆಮನೆ ನೋಡಿಕೊಂಡು ಇರಲಿ, ಎರಡು ಹೊತ್ತು ಊಟಕ್ಕೇನು ಕಮ್ಮಿ" ಅಂತ ತೀರ್ಮಾನ ಮಾಡಿದ್ದರಂತೆ. ಆ ಮಾತನ್ನು ಅಕ್ಕ ಎದುರಾಡದೆ ಕೇಳಿಸಿಕೊಂಡಳು. ಆ ವರ್ಷವೇ ಹಿತ್ತಿಲ ಕೊಟ್ಟಿಗೆಯ ಅರ್ಧ ಭಾಗ ಗುಡಿಸಿ, ಸಗಣಿ ಸಾರಿಸಿ, ನಾಲ್ಕು ಭರಣಿ ಇಟ್ಟು, ಮಾವಿನ ಮಿಡಿಯ ಉಪ್ಪಿನಕಾಯಿ ಹಾಕಿ ಮಾರಲಿಕ್ಕೆ ಶುರು ಮಾಡಿದಳು. ಮನೆಯ ಹೆಂಗಸು ಉಪ್ಪಿನಕಾಯಿ ಮಾರುವುದಾ ಅಂತ ಮಾವ ಗುಡುಗಿದರಂತೆ. "ಉಣ್ಣುವ ಅನ್ನ ನನ್ನದೇ ಆಗ್ಲಿ ಮಾವ, ನಿಮ್ಮನೆ ಕೆಲಸ ಹೇಗೂ ಮಾಡ್ತೀನಿ" ಅಂದಳಂತೆ.

ನಾನು ನೋಡುವಾಗ ನಾಲ್ಕು ಭರಣಿ ನಲವತ್ತಾಗಿತ್ತು. ಕೊಪ್ಪ, ಬಾಳೆಹೊನ್ನೂರು, ಶೃಂಗೇರಿ ಕಡೆಯವರೆಲ್ಲ ಮದುವೆ ಗೊತ್ತಾದ ತಕ್ಷಣ ಅಕ್ಕನಿಗೆ ಹೇಳಿ ಕಳಿಸುತ್ತಿದ್ದರು. ಎಲ್ಲರಿಗೂ ಕೊಡುತ್ತಿರಲಿಲ್ಲ ಅವಳು. ಹೋದ ಸಲ ಒದ್ದೆ ಸೌಟು ಹಾಕಿ ಕೆಡಿಸಿದವರಿಗೆ ಈ ಸಲ ಇಲ್ಲ. ಪ್ಲಾಸ್ಟಿಕ್ ಡಬ್ಬ ತಂದವರನ್ನು ಬೈದು ವಾಪಸ್ ಕಳಿಸುತ್ತಿದ್ದಳು. ಬೈಸಿಕೊಂಡವರು ಮಾರನೇ ದಿನ ಗಾಜಿನ ಬಾಟಲಿ ತೊಳೆದು, ಬಿಸಿಲಿಗೆ ಒಣಗಿಸಿ ತರುತ್ತಿದ್ದರು. ಬಾಟಲಿಗೆ ಅಂಟಿಸುವ ಚೀಟಿ ಬರೆಯುವುದು ನನ್ನ ಕೆಲಸ. "ವೀರಬಸಮ್ಮನ ಮಿಡಿ" ಅಂತ, ಕೆಳಗೆ ಹಾಕಿದ ವರ್ಷ. ನನ್ನ ಅಕ್ಷರ ಮುತ್ತಿನ ಹಾಗಿದೆ ಅಂತ ಅಕ್ಕ ಹೇಳಿದರೆ ನನಗೆ ಇನ್ಸ್‌ಪೆಕ್ಟರ್ ಹೊಗಳಿದ್ದಕ್ಕಿಂತ ಖುಷಿಯಾಗುತ್ತಿತ್ತು.

ಅಷ್ಟೂ ಉಪ್ಪಿನಕಾಯಿಗೆ ಮರ ಒಂದೇ. ಕೊಪ್ಪದ ರಸ್ತೆಯಿಂದ ಒಳಗೆ, ಕಲ್ಲುಹಡ್ಲು ಅನ್ನುವ ಏಳೆಂಟು ಮನೆಯ ಊರಿನ ಹಿಂದೆ, ಹಳ್ಳದ ದಂಡೆಯಲ್ಲಿತ್ತು. ಇಬ್ಬರು ಕೈ ಚಾಚಿ ತಬ್ಬಿದರೂ ಸಿಗದ ಬುಡ. ಮಿಡಿ ಮುರಿದರೆ ಜೀರಿಗೆಯ ಘಮ. ಯಾರ ಜಮೀನಿನಲ್ಲೂ ಇಲ್ಲದ ಮರ ಅದು, ಸರ್ಕಾರಿ ಜಾಗ. ಆದರೆ ತಲೆಮಾರಿನಿಂದ ಕೊಯ್ಯುವ ಮನೆ ಒಂದೇ, ಕಲ್ಲೇಶಪ್ಪನದು. ಅವನ ಅಜ್ಜ ಹತ್ತುತ್ತಿದ್ದ, ಅಪ್ಪ ಹತ್ತುತ್ತಿದ್ದ, ಆಮೇಲೆ ಅವನು. ಕೆಳಗೆ ಬುಟ್ಟಿ ಹಿಡಿಯುವುದು ಅವನ ಹೆಂಡತಿ ಗಿರಿಯಮ್ಮ. ಕೊಯ್ದದ್ದರಲ್ಲಿ ಅರ್ಧ ಅವರದು, ಅರ್ಧ ಅಕ್ಕನದು. ಅವರ ಅರ್ಧವನ್ನೂ ಅಕ್ಕನೇ ಕೊಳ್ಳುತ್ತಿದ್ದಳು.

ಮಿಡಿ ಕೊಯ್ಯುವುದಕ್ಕೆ ನಮ್ಮ ಕಡೆ ಕ್ರಮ ಇದೆ. ತೊಟ್ಟು ಸಮೇತ ಒಂದೊಂದೇ ಬಿಡಿಸಬೇಕು, ತೊಟ್ಟು ಹೋದರೆ ಸೊನೆ ಹೋಗುತ್ತದೆ, ಸೊನೆ ಹೋದರೆ ಘಮ ಹೋಗುತ್ತದೆ. ಬುಟ್ಟಿಯನ್ನು ಹಗ್ಗದಲ್ಲಿ ಇಳಿಸಬೇಕು. ನೆಲಕ್ಕೆ ಬಿದ್ದ ಮಿಡಿಗೆ ಒಳಗೆ ಪೆಟ್ಟಾಗಿರುತ್ತದೆ, ಹೊರಗೆ ಕಾಣುವುದಿಲ್ಲ. ಅಂಥದ್ದು ಒಂದು ಸೇರಿದರೂ ಭರಣಿ ಪೂರಾ ಕೊಳೆಯುತ್ತದೆ. ತುದಿಯ ಗೆಲ್ಲು ಹಕ್ಕಿಗೂ ಮಂಗಕ್ಕೂ ಬಿಡಬೇಕು. ಎಲ್ಲಕ್ಕಿಂತ ಮುಖ್ಯ, ಮರದ ದಾರಿಯನ್ನು ಹೊರಗಿನವರಿಗೆ ಹೇಳಬಾರದು. ಯಾರಾದರೂ ಕೇಳಿದರೆ ಅಕ್ಕ, "ಮಿಡಿ ತಿನ್ನಿ ಮಾರಾಯ್ರೆ, ಮರ ಕಟ್ಟಿಕೊಂಡು ನಿಮಗೆಂತ ಆಗ್ಬೇಕು" ಅಂದು ಮಾತು ಮುಗಿಸುತ್ತಿದ್ದಳು.

ಈಗ ನಮ್ಮ ಮನೆಯವರ ವಿಷಯ. ಹೆಸರು ರೇಣುಕಪ್ಪ. ಪೇಟೆಯಲ್ಲಿ ದಿನಸಿ ಅಂಗಡಿ. ಅಂಗಡಿಯಲ್ಲಿ ಒಂದು ಅಟ್ಟಣೆ ಅಕ್ಕನ ಬಾಟಲಿಗಳಿಗೆ. ಮನುಷ್ಯ ಕೆಟ್ಟವರಲ್ಲ, ಹೊಗಳಿಕೆಗೆ ಸೋಲುವವರು. ಕೆಟ್ಟವರಾಗಿದ್ದರೆ ಹುಷಾರಾಗಾದರೂ ಇರುತ್ತಿದ್ದೆವು. 2008ರಲ್ಲಿ ಸಾಮಾನು ತರಲು ಕೊಪ್ಪಕ್ಕೆ ಹೋದಾಗ ಅಲ್ಲಿಯ ಬ್ರೌಸಿಂಗ್ ಸೆಂಟರಿನವನು ಇವರಿಗೆ, ಕಂಪ್ಯೂಟರಿನಲ್ಲಿ ಊರೂರಿನವರು ಮಾತಾಡಿಕೊಳ್ಳುವ ಆರ್ಕುಟ್ ತೋರಿಸಿದ. "ರೇಣುಕಪ್ಪಣ್ಣ, ಇದ್ರಲ್ಲಿ ಒಂದು ಸಲ ಹಾಕಿದ್ರೆ ದುಬೈನೋರೂ ನೋಡ್ತಾರೆ" ಅಂದನಂತೆ. ದುಬೈ ಅಂದದ್ದೇ ತಡ, ಇವರಿಗೆ ನಿಂತ ನೆಲ ಸಾಲದಾಯಿತು. ವಾರಕ್ಕೊಮ್ಮೆ ಕೊಪ್ಪಕ್ಕೆ ಹೋಗುತ್ತಿದ್ದವರು ಮೂರು ಸಲ ಹೋಗತೊಡಗಿದರು. ಅಂಗಡಿಗೆ ನಾನು ಶಾಲೆ ಬಿಟ್ಟು ಬಂದು ಕೂರುವುದು.

ಮಾಡಿದ್ದಾದರೂ ಏನು? ಅಕ್ಕನ ಹೆಸರಿನಲ್ಲಿ ಒಂದು ಕಮ್ಯುನಿಟಿ ತೆರೆದರು. ಸಿಕ್ಕಸಿಕ್ಕವರನ್ನೆಲ್ಲ ಫ್ರೆಂಡ್ ಮಾಡಿಕೊಂಡರು. ದಿನಾ ಬೆಳಿಗ್ಗೆ ಅವರೆಲ್ಲರ ಸ್ಕ್ರ್ಯಾಪ್‌ಬುಕ್ಕಿಗೆ ಮಿಣಮಿಣ ಮಿನುಗುವ ಗುಲಾಬಿ ಹೂವು, ಅದರ ಕೆಳಗೆ ಉಪ್ಪಿನಕಾಯಿ ಬೇಕೇ ಅಂತ ಪ್ರಶ್ನೆ. ಯಾರದೋ ತಂದೆ ತೀರಿಕೊಂಡ ಸುದ್ದಿಯ ಕೆಳಗೂ ಇದೇ ಗುಲಾಬಿ, ಇದೇ ಪ್ರಶ್ನೆ. ಬೀಪಿ ಇರುವವರೆಲ್ಲ ಸೇರಿ ಪಥ್ಯದ ಮಾತಾಡಿಕೊಳ್ಳುವ ಒಂದು ಗುಂಪಿತ್ತಂತೆ, ಅಲ್ಲಿಗೂ ಹೋಗಿ ಉಪ್ಪಿನಕಾಯಿ ಮಾರಿದರು. ಅಲ್ಲಿಂದ ಇವರನ್ನು ಹೊರಗೆ ಹಾಕಿದರು. "ನಮ್ಮ ಮೇಲೆ ಹೊಟ್ಟೆಕಿಚ್ಚು" ಅಂತ ಮನೆಗೆ ಬಂದು ಹೇಳಿದರು. ನಾನು ನಕ್ಕೆ. ಆಗ ನಗಬಾರದಿತ್ತು, ಆಗಲೇ ಕಿವಿ ಹಿಂಡಬೇಕಿತ್ತು.

ಅಕ್ಕ ಒಲೆಯ ಮುಂದೆ ಬೆವರುತ್ತ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಪ್ಪುನೀರು ಕುದಿಸುವಾಗ ಇವರು ಯಾರದೋ ಕ್ಯಾಮೆರಾ ತಂದು ಕಿಟಕಿಯಿಂದ ಫೋಟೋ ಹೊಡೆದರು. ಕೇಳಲಿಲ್ಲ, ಹೇಳಲಿಲ್ಲ. ಅದನ್ನು ಆರ್ಕುಟ್ಟಿಗೂ ಹಾಕಿದರು, ಲೇಬಲ್ಲಿಗೂ ಅಚ್ಚು ಹಾಕಿಸಿದರು. ನನ್ನ ಕೈಬರಹದ ಚೀಟಿ ಹೋಯಿತು, ಅಕ್ಕನ ಮುಖ ಬಂತು. ಅಂಗಡಿಗೆ ಬಂದ ಅಕ್ಕ ಬಾಟಲಿ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದಳು.

"ರೇಣುಕಪ್ಪ, ನನ್ನ ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿಂಗೆ?"

"ಅತ್ತಿಗೆ, ನೀವೀಗ ಫೇಮಸ್ಸು. ದುಬೈಲಿ ಒಬ್ರು ನಿಮ್ಮನ್ನ ಅನ್ನಪೂರ್ಣೆ ಅಂದಿದಾರೆ."

"ದುಬೈನೋರು ಅನ್ನಪೂರ್ಣೆ ಅಂದ್ರೆ ಊರಿನೋರ ಮುಂದೆ ತಲೆ ಎತ್ಲಿಕ್ಕೆ ಆಗ್ತದನಾ? ಹೊರಗಿನೋರ ಮುಂದೆ ಹೀಗೆ ನಿಲ್ತಿದ್ನಾ ನಾನು ಯಾವತ್ತಾದ್ರೂ?" ಅಂದಳು. ಅಷ್ಟೇ ಅಂದಳು. ಲೇಬಲ್ಲು ಮಾತ್ರ ಬದಲಾಗಲಿಲ್ಲ.

ಮುಂದೆ ಶುರುವಾದದ್ದು ಜಗಳ. ಮಿಡಿ ಉಪ್ಪಿನಕಾಯಿಗೆ ನಾವು ಎಣ್ಣೆ ಹಾಕುವುದಿಲ್ಲ, ಮಿಡಿ ಬಿಟ್ಟ ಉಪ್ಪುನೀರಿನಲ್ಲೇ ಖಾರ ಕಲಸುವುದು. ಇದು ಗೊತ್ತಿಲ್ಲದ ಯಾರೋ ಒಬ್ಬ, "ಎಣ್ಣೆಯೇ ಇಲ್ಲ, ಮೋಸ" ಅಂತ ಬರೆದ. ಒಂದು ಸಾಲಿನಲ್ಲಿ ತಿಳಿಸಿ ಹೇಳಿ ಸುಮ್ಮನಾಗಬಹುದಿತ್ತು. ಇವರು ಅವನ ಅಜ್ಜಿಯ ಅಡುಗೆಯ ತನಕ ಹೋದರು. ಅವನು ಇನ್ನೂ ನಾಲ್ಕು ಜನರನ್ನು ಕರೆತಂದ. ಅವರಲ್ಲಿ ಹುಲಿಯ ಚಿತ್ರ ಹಾಕಿಕೊಂಡಿದ್ದ ಒಬ್ಬ ಬರೆದನಂತೆ, "ಅಂಕಲ್, ಇದು ನಿಮ್ಮ ಮರದ ಮಿಡಿಯೇ ಅಲ್ಲ, ಲಾರಿಯಲ್ಲಿ ಬರುವ ಸಂತೆಯ ಮಿಡಿ. ಮರ ಇದ್ದರೆ ತೋರಿಸಿ ನೋಡೋಣ."

ಆವತ್ತು ಮನೆಗೆ ಬಂದವರು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಅಂಗಡಿಗೆ ದಿನಾ ಬರುವ ಗಿರಾಕಿ ಅಕ್ಕಿಯಲ್ಲಿ ಕಲ್ಲಿದೆ ಅಂದರೆ ಕಿವಿಗೆ ಹಾಕಿಕೊಳ್ಳದ ಮನುಷ್ಯನಿಗೆ, ಮುಖ ಕಾಣದವನ ಒಂದು ಮಾತು ನಿದ್ದೆ ಕೆಡಿಸಿತು. ಮಾರನೇ ದಿನ ಕ್ಯಾಮೆರಾ ಹಿಡಿದು ಕಲ್ಲುಹಡ್ಲಿಗೆ ಹೋದರು. ಬುಡದಿಂದ, ಬದಿಯಿಂದ, ಹಳ್ಳದ ಆಚೆಯಿಂದ, ಹತ್ತು ಹನ್ನೆರಡು ಫೋಟೋ. ಬಂದವರೇ ನನ್ನ ಮುಂದೆ ಒಂದು ಹಾಳೆ ಇಟ್ಟರು. ಮರಕ್ಕೆ ಹೋಗುವ ದಾರಿ ಬರೆದಿದ್ದರು. "ನೀನೊಂದು ಸಲ ತಿದ್ದಿ ಚೆಂದ ಮಾಡಿ ಬರ್ಕೊಡು. ನಿನ್ನ ಅಕ್ಷರದಲ್ಲೇ ಫೋಟೋ ತೆಗೆದು ಹಾಕ್ತೀನಿ. ಅನುಮಾನ ಇದ್ದೋರು ಬಂದು ನೋಡ್ಲಿ" ಅಂದರು.

ದಾರಿ ಹೇಳಬಾರದು ಅಂತ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. "ಅಕ್ಕನ್ನ ಕೇಳಿದ್ರಾ?" ಅಂತ ಒಂದು ಮಾತು ಕೇಳಿದೆ ಕೂಡ. "ಕೇಳಿದ್ರೆ ಬೇಡ ಅಂತಾರೆ" ಅಂದರು. ಅಲ್ಲಿಗೆ ನಾನು ಪೆನ್ನು ಕೆಳಗಿಡಬೇಕಿತ್ತು. ಇಡಲಿಲ್ಲ. ಚೀಟಿ ಬರೆಯುವುದು ತಪ್ಪಿ ಹೋದ ಬೇಜಾರು ಮನಸ್ಸಿನಲ್ಲಿತ್ತು, ನನ್ನ ಅಕ್ಷರವನ್ನೂ ನಾಲ್ಕು ಜನ ನೋಡಲಿ ಅನ್ನಿಸಿತು. ಇನ್ನೊಂದು, ದಾರಿ ಕೇಳಿದವರಿಗೆ ಅರ್ಧ ಹೇಳಿ ಕಳಿಸುವುದು ನಮ್ಮ ಕಡೆಯವರಿಂದ ಆಗದ ಕೆಲಸ. ಹೇಳಿದರೆ ಮನೆ ಬಾಗಿಲಿಗೆ ಮುಟ್ಟಿಸಬೇಕು. ಇವರು ಬರೆದದ್ದು ಮೂರೇ ಸಾಲು, ಅದನ್ನು ನಂಬಿಕೊಂಡು ಹೊರಟರೆ ಯಾರೂ ಮರ ಮುಟ್ಟುತ್ತಿರಲಿಲ್ಲ. ಮುಟ್ಟುವ ಹಾಗೆ ಮಾಡಿದವಳು ನಾನು. ಕ್ರಾಸಿನಲ್ಲಿ ಇಳಿದು ಎಡಕ್ಕೆ ಮಣ್ಣಿನ ರಸ್ತೆ, ಮೋರಿ ದಾಟಿದ ಮೇಲೆ ಮೂರನೇ ಮನೆ ಗಿರಿಯಮ್ಮನದು, ರೇಣುಕಪ್ಪನವರ ಕಡೆಯವರು ಅಂದರೆ ಅವರೇ ತೋರಿಸುತ್ತಾರೆ, ಹಿಂದಿನ ಕಾಲುದಾರಿಯಲ್ಲಿ ಹಳ್ಳದವರೆಗೆ ನಡೆದರೆ ಐದು ನಿಮಿಷ. ಕೊನೆಗೆ, "ನಾಯಿ ಇದೆ, ಬೊಗಳುತ್ತದೆ, ಕಚ್ಚುವುದಿಲ್ಲ" ಅಂತಲೂ ಸೇರಿಸಿದೆ.

ಹುಲಿಯ ಚಿತ್ರದವನು ಅದನ್ನು ನೋಡಿ, "ಸೂಪರ್ ಅಂಕಲ್" ಅಂತ ಬರೆದನಂತೆ. ಇವರು ಗೆದ್ದೆ ಅಂತ ಕೊಪ್ಪದಿಂದ ಮೈಸೂರುಪಾಕು ತಂದರು. ನಾನೂ ಒಂದು ತಿಂದೆ.

ಮಾರ್ಚ್ ಎರಡನೇ ವಾರ. ಮಿಡಿ ಕೊಯ್ಯಲಿಕ್ಕೆ ಅಕ್ಕ ಸೋಮವಾರ ಹೋಗುವುದು ಅಂತ ಗೊತ್ತಾಗಿತ್ತು. ಉಪ್ಪು ಹುರಿದಿಟ್ಟಿದ್ದಳು, ಭರಣಿಗಳನ್ನು ತೊಳೆದು ಬಿಸಿಲಿಗೆ ಕವುಚಿದ್ದಳು. ಶನಿವಾರ ಬೆಳಿಗ್ಗೆ ಶಾಲೆ ಮುಗಿಸಿ ಬಂದೆ, ಗಿರಿಯಮ್ಮ ನಮ್ಮ ಜಗಲಿಯಲ್ಲಿ ಕೂತಿದ್ದಳು. ಕಾಲಿಗೆ ಚಪ್ಪಲಿ ಇರಲಿಲ್ಲ.

"ವೀರಬಸಕ್ಕ, ನೀವೇ ಕಳಿಸಿದ್ದಲ್ಲವಾ ಅವರನ್ನ?" ಅಂತ ಕೇಳುತ್ತಿದ್ದಳು. "ನಿನ್ನೆ ಪಿಕಪ್ ವ್ಯಾನಲ್ಲಿ ಬಂದ್ರು. ಐದು ಜನ. ರೇಣುಕಪ್ಪನೋರ ಕಡೆಯೋರು ಅಂದ್ರು. ನಾನು ಕಾಫಿ ಮಾಡಿ ಕೊಟ್ಟೆ. ಮರ ತೋರಿಸಿ ಅಂದ್ರು, ತೋರಿಸ್ದೆ. ಇವ್ರು ಕೆಲಸಕ್ಕೆ ಹೋಗಿದ್ರು. ಫೋಟೋಕ್ಕೆ ಬಂದೋರು ಅಂದ್ಕೊಂಡು ಗದ್ದೆಗೆ ಹೋದೆ ನಾನು. ಮಿಶಿನ್ನಿನ ಶಬ್ದ ಕೇಳಿ ಓಡಿ ಬಂದೆ ಅಕ್ಕ, ಅಷ್ಟೊತ್ತಿಗೆ..."



ನಾವು ಮೂರು ಜನವೂ ಹೋದೆವು, ಹಿಂದಿನಿಂದ ನಮ್ಮ ಮನೆಯವರೂ ಬಂದರು. ಹತ್ತಿ ಕೊಯ್ಯಲು ಹೊತ್ತು ಹಿಡಿಯುತ್ತದೆ, ಹತ್ತಲಿಕ್ಕೆ ಬರುವವರೂ ಬೇಕು. ಅವರಿಗೆ ಎರಡೂ ಇರಲಿಲ್ಲ. ಗೆಲ್ಲುಗಳನ್ನೇ ಗರಗಸದ ಮಿಶಿನ್ನಿನಲ್ಲಿ ಕೊಯ್ದು ಕೆಡವಿದ್ದರು. ಬಿದ್ದ ಗೆಲ್ಲಿನಿಂದ ಮಿಡಿ ಕಿತ್ತು ಚೀಲಕ್ಕೆ ತುಂಬಿದ್ದರು. ಹಳ್ಳ ಪೂರಾ ಎಲೆ. ನಿಂತಿದ್ದದ್ದು ಬೋಳು ಕಾಂಡ ಮಾತ್ರ, ಕೊಯ್ದ ಜಾಗದಲ್ಲೆಲ್ಲ ಸೊನೆ ಇನ್ನೂ ಇಳಿಯುತ್ತಿತ್ತು. ತುದಿಯ ಗೆಲ್ಲನ್ನೂ ಬಿಟ್ಟಿರಲಿಲ್ಲ. ಕಲ್ಲೇಶಪ್ಪ ದೂರದ ಬಂಡೆಯ ಮೇಲೆ ನಮ್ಮ ಕಡೆ ಬೆನ್ನು ಹಾಕಿ ಕೂತಿದ್ದ.

ಅಕ್ಕ ಅಳಲಿಲ್ಲ. ಮರದ ಸುತ್ತ ಒಂದು ಸಲ ನಡೆದಳು. ಎಲೆಗಳ ನಡುವೆ ಏನೋ ಕಾಗದ ಬಿದ್ದಿತ್ತು, ಬಗ್ಗಿ ಎತ್ತಿಕೊಂಡು ನೋಡಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಿಲ್ಲೋ ಏನೋ ಅಂದುಕೊಂಡೆ ನಾನು.

ಆಗ ನಮ್ಮ ಮನೆಯವರು ಬಾಯಿ ಬಿಟ್ಟರು. "ಅಲ್ಲ ಗಿರಿಯಮ್ಮ, ಯಾರೋ ಏನೋ ಅಂತ ವಿಚಾರಿಸದೆ ಮರ ತೋರಿಸೋದಾ? ಅಷ್ಟೂ ಬುದ್ಧಿ ಬೇಡ್ವಾ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ ಆವತ್ತು. ಗಿರಿಯಮ್ಮ ತಲೆ ತಗ್ಗಿಸಿದಳು. ಬಂಡೆಯ ಮೇಲಿದ್ದ ಕಲ್ಲೇಶಪ್ಪ ತಿರುಗಿ ಹೆಂಡತಿಯನ್ನು ನೋಡಿದ. ಅಕ್ಕ, "ರೇಣುಕಪ್ಪ, ಅವಳ ಮೇಲೆ ಇನ್ನೊಂದು ಮಾತು ಬಂದ್ರೆ ಸರಿ ಇರಲ್ಲ" ಅಂದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಹಳ್ಳದ ನೀರು ನೋಡಿದೆ. ಶಾಲೆಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು.

ಇಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು. ನಮ್ಮ ಮನೆಯವರು ಬೋಳು ಮರದ ಫೋಟೋವನ್ನೂ ಹಾಕಿದರು. ಅಯ್ಯೋ ಪಾಪ ಅಂದವರು ನೂರಾರು ಜನ. ಅಯ್ಯೋ ಪಾಪ ಅಂದವರೆಲ್ಲ, ಕೊನೆಯ ಬಾಟಲಿ ನಮಗಿರಲಿ ಅಂತಲೂ ಬರೆದರು. ಕೊಡುತ್ತೇನೆ ಅಂತ ಇವರು ಎಲ್ಲರಿಗೂ ಮಾತು ಕೊಟ್ಟರು. ಮಿಡಿ ಎಲ್ಲಿದೆ? ಸಂತೆಯ ಲಾರಿಯಿಂದ ಚೀಲಗಟ್ಟಲೆ ತಂದು ಅಕ್ಕನ ಮುಂದೆ ಸುರಿದರು. ತೊಟ್ಟಿಲ್ಲದ, ಪೆಟ್ಟಾದ ಮಿಡಿ. ಯಾರ ಮರದ್ದೋ, ಹೇಗೆ ಕೆಡವಿದ್ದೋ. ಅಕ್ಕ ಒಂದನ್ನು ಎತ್ತಿ ಮೂಸಿ ಕೆಳಗಿಟ್ಟಳು.

"ಇದನ್ನ ನಾನು ಹಾಕಲ್ಲ."

"ಮಾತು ಕೊಟ್ಟಾಗಿದೆ ಅತ್ತಿಗೆ."

"ನಾನು ಕೊಟ್ಟಿಲ್ಲ."

ಅವಳು ಹಾಕಲಿಲ್ಲ. ಇವರು ಬಿಡಲಿಲ್ಲ. ಅಂಗಡಿಯ ಹಿಂದಿನ ಗೋಡೌನಿನಲ್ಲಿ ಕೂಲಿಯವರನ್ನು ಕೂರಿಸಿ, ತಿಂಗಳು ಬಿಡಬೇಕಾದ್ದನ್ನು ಎಂಟೇ ದಿನ ಉಪ್ಪಿನಲ್ಲಿ ಬಿಟ್ಟು, ಖಾರ ಕಲಸಿ, ಅಕ್ಕನ ಮುಖದ ಲೇಬಲ್ಲು ಅಂಟಿಸಿ ಕಳಿಸಿದರು. ಇದು ಅಕ್ಕನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮನೆಯಲ್ಲಿ ರಂಪ ಮಾಡಿದೆ, ಪಾತ್ರೆ ಎಸೆದೆ, ಎರಡು ದಿನ ಮಾತು ಬಿಟ್ಟೆ. ಆದರೆ ಅಕ್ಕನ ಹತ್ತಿರ ಹೋಗಿ ಹೇಳಲಿಲ್ಲ. ಗೋಡೌನಿನ ವಿಷಯ ಹೇಳಿದರೆ ಹಾಳೆಯ ವಿಷಯವೂ ಬರುತ್ತದೆ ಅಂತ ಹೆದರಿದ್ದೆ.

ಮೇ ತಿಂಗಳಲ್ಲಿ ಕೊಪ್ಪದಿಂದ ರಾಧಮ್ಮ ಬಂದರು. ಇಪ್ಪತ್ತು ವರ್ಷದ ಗಿರಾಕಿ, ಅಕ್ಕನ ಹತ್ತಿರ ಬೈಸಿಕೊಂಡೂ ಬಿಡದೆ ಬರುತ್ತಿದ್ದವರು. ಚೀಲದಿಂದ ಒಂದು ಬಾಟಲಿ ತೆಗೆದು ಜಗಲಿಯ ಮೇಲಿಟ್ಟರು. ಅಕ್ಕನ ಮುಖದ ಲೇಬಲ್ಲು. ಒಳಗೆ ಬೂಷ್ಟು ಹಿಡಿದಿತ್ತು.

"ಬೇಜಾರು ಮಾಡ್ಕೋಬೇಡ ವೀರಬಸಮ್ಮ. ಮಗಳ ಮದುವೆ ಊಟದಲ್ಲಿ ಬಡಿಸಿ, ಬೀಗರ ಮುಂದೆ ಮರ್ಯಾದೆ ಹೋಯ್ತು. ನಿಂಗೆ ವಯಸ್ಸಾಯ್ತು, ಕೈ ತಪ್ಪಿದೆ. ಇನ್ನು ನಿಲ್ಸಿಬಿಡು."

ಮೂವತ್ತು ವರ್ಷದಲ್ಲಿ ಒಂದು ಬಾಟಲಿಯೂ ವಾಪಸ್ ಬಂದಿರಲಿಲ್ಲ. ಅಕ್ಕ ಬಾಟಲಿ ತೆರೆದು ಮೂಸಿದಳು. ರಾಧಮ್ಮನಿಗೆ ಮಜ್ಜಿಗೆ ಕೊಟ್ಟು, "ನನ್ನದೇ ತಪ್ಪು" ಅಂತ ಹೇಳಿ ಬಸ್ಸಿಗೆ ಕಳಿಸಿದಳು. ಆಮೇಲೆ ಸೀದಾ ಅಂಗಡಿಗೆ ನಡೆದಳು, ನಾನು ಹಿಂದೆ. ಗಿರಾಕಿಗಳ ಮುಂದೆಯೇ ಅಟ್ಟಣೆಯಿಂದ ಬಾಟಲಿಗಳನ್ನು ಒಂದೊಂದೇ ಇಳಿಸಿ, ಲೇಬಲ್ಲನ್ನು ಉಗುರಿನಿಂದ ಕೆರೆದು ಕಿತ್ತಳು. ನಮ್ಮ ಮನೆಯವರು, "ಅತ್ತಿಗೆ, ಜನ ನೋಡ್ತಿದಾರೆ" ಅಂದರು.

"ನೋಡ್ಲಿ. ನನ್ನ ಮುಖ ಊರಿಗೆಲ್ಲ ತೋರಿಸ್ದೋನು ನೀನೇ ಅಲ್ವನಾ?"

ಕಿತ್ತು ಮುಗಿಸಿ ನನ್ನ ಕಡೆ ತಿರುಗಿದಳು. "ಗಂಗಾಂಬಿಕೆ, ಅದೆಲ್ಲೋ ಬರೀತಾನಲ್ಲ ಇವನು, ಆ ಮಿಶಿನ್ ಇರೋ ಕಡೆ ಕರ್ಕೊಂಡು ಹೋಗು."

ಆಗ ನಮ್ಮೂರಿನಲ್ಲೂ ಒಂದು ಬ್ರೌಸಿಂಗ್ ಸೆಂಟರ್ ಆಗಿತ್ತು. ಇವರ ಪಾಸ್‌ವರ್ಡು ಅಂಗಡಿಯ ಹೆಸರೇ, ಅದನ್ನು ಕ್ಯಾಲೆಂಡರಿನ ಮೇಲೂ ಬರೆದಿದ್ದರು. ಅಕ್ಕ ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದಳು, ನಾನು ಕುಟ್ಟಿದೆ. "ನಾನು ವೀರಬಸಮ್ಮ. ಈ ವರ್ಷ ನಾನು ಮಿಡಿ ಹಾಕಿಲ್ಲ. ನನ್ನ ಫೋಟೋ ಇರುವ ಬಾಟಲಿ ನನ್ನದಲ್ಲ. ತಿನ್ನಬೇಡಿ, ಎಸೆಯಿರಿ. ರಾಧಮ್ಮನವರೂ ಅವರ ಬೀಗರೂ ಕ್ಷಮಿಸಬೇಕು." ಅಷ್ಟೇ. ಮರದ ಬಗ್ಗೆ ಒಂದು ಮಾತಿಲ್ಲ, ಮೈದುನನ ಬಗ್ಗೆ ಒಂದು ಮಾತಿಲ್ಲ.

ಅದನ್ನು ಹಾಕಿದ ಮೇಲೆ ಸೊಂಟದಿಂದ ಒಂದು ಕಾಗದ ತೆಗೆದು ಕೀಬೋರ್ಡಿನ ಮೇಲಿಟ್ಟಳು. ಮರದ ಬುಡದಲ್ಲಿ ಎತ್ತಿಕೊಂಡದ್ದು. ವ್ಯಾನಿನವರು ಆರ್ಕುಟ್ಟಿನಿಂದ ಪ್ರಿಂಟ್ ತೆಗೆದುಕೊಂಡು ಬಂದಿದ್ದ ಹಾಳೆ. ಅದರ ತುಂಬ ನನ್ನ ಅಕ್ಷರ.

ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. "ಅಕ್ಕ, ನಾನು..." ಅಂದೆ.

"ಮೂವತ್ತು ವರ್ಷ ನನ್ನ ಚೀಟಿ ಬರೆದೋಳು ನೀನು, ನಿನ್ನ ಅಕ್ಷರ ನಂಗೆ ಗೊತ್ತಾಗಲ್ವಾ? ನೀನಾಗೇ ಹೇಳ್ತೀಯ ಅಂತ ಕಾಯ್ದೆ. ನನಗೆ ಹೇಳದಿದ್ರೂ ಬಿಡು. ಮೊನ್ನೆ ಕಲ್ಲುಹಡ್ಲಿಗೆ ಹೋಗಿದ್ದೆ. ಕಲ್ಲೇಶಪ್ಪ ಹೆಂಡತಿ ಹತ್ರ ಎರಡು ತಿಂಗಳಿಂದ ಮಾತಾಡಿಲ್ಲ. ಅವಳು ತೋರಿಸಿದ್ದಕ್ಕೇ ಮರ ಹೋಯ್ತು ಅಂತ. ನಾನು ಹೇಳಿದೆ, ಅವಳದ್ದೇನೂ ಇಲ್ಲ ಅಂತ. ಸಮಾಧಾನಕ್ಕೆ ಹೇಳ್ತೀರಿ ಅಂದ. ಬರೆದೋರೇ ಹೋಗಿ ಹೇಳ್ಬೇಕು." ಎದ್ದು ನಿಂತಳು. "ನಡಿ, ಬಸ್ಸಿದೆ."

ಮೂರನೇ ಮನೆ. ನಾಯಿ ಬೊಗಳಿತು. ಅಕ್ಕ ಬೇಲಿಯ ಹೊರಗೇ ನಿಂತಳು, ಒಳಗೆ ಬರಲಿಲ್ಲ. ಕಲ್ಲೇಶಪ್ಪ ಆಗಷ್ಟೇ ಕೆಲಸದಿಂದ ಬಂದು ಕೈಕಾಲು ತೊಳೆದು ಜಗಲಿಯಲ್ಲಿ ಕೂತಿದ್ದ. ಗಿರಿಯಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದಳು, ಕರೆಯದೆ ಹೊರಗೆ ಬರಬಾರದೇನೋ ಅನ್ನುವ ಹಾಗೆ. ಎಷ್ಟು ಇಳಿದು ಹೋಗಿದ್ದಳು.

ನಾನು ಹಾಳೆ ಬಿಚ್ಚಿ ಅವನ ಮುಂದೆ ಹಿಡಿದು ಎಲ್ಲ ಹೇಳಿದೆ. ದಾರಿ ಬರೆದದ್ದು ನಾನು. ಗಿರಿಯಮ್ಮನ ಮನೆ ಕೇಳಿ ಅಂತ ಬರೆದದ್ದು ನಾನು. ರೇಣುಕಪ್ಪನ ಹೆಸರು ಹೇಳಿದರೆ ತೋರಿಸುತ್ತಾರೆ ಅಂತ ಬರೆದದ್ದೂ ನಾನು. ಇವಳ ಬಾಗಿಲಿಗೆ ಅವರನ್ನು ಕಳಿಸಿದವರು ನಾವು, ನಮ್ಮ ಹೆಸರು ಕೇಳಿ ಇವಳು ನಂಬಿದಳು. ಅವನಿಗೆ ಓದಲು ಬರುತ್ತದೆ, ಹಾಳೆ ಇಸಿದುಕೊಂಡು ಮೊದಲಿನಿಂದ ಕೊನೆಯ ತನಕ ಓದಿದ.

ಗಿರಿಯಮ್ಮ ಬಾಗಿಲಿನಿಂದಲೇ ಕೇಳಿದಳು. "ಇದನ್ನ ಹೇಳ್ಲಿಕ್ಕೆ ಎರಡು ತಿಂಗಳು ಬೇಕಾಯ್ತಾ ಟೀಚರೇ?"



ಕಲ್ಲೇಶಪ್ಪ ಹಾಳೆಯನ್ನು ಜಗಲಿಯ ಮೇಲಿಟ್ಟ. ನನ್ನನ್ನು ಬೈಯಲಿಲ್ಲ, ನೋಡಲೂ ಇಲ್ಲ. ಬಾಗಿಲ ಕಡೆ ತಿರುಗಿ, "ಗಿರಿ, ಒಂದು ಚೊಂಬು ನೀರು ಕೊಡು" ಅಂದ. ಗಿರಿಯಮ್ಮ ಒಳಗೆ ಹೋದಳು, ಹಂಡೆಗೆ ಚೊಂಬು ತಾಗಿದ ಸದ್ದು ಕೇಳಿತು, ಆದರೆ ತುಂಬ ಹೊತ್ತು ಹೊರಗೆ ಬರಲಿಲ್ಲ. ಕಲ್ಲೇಶಪ್ಪ ಎದ್ದು ತಾನೇ ಒಳಗೆ ಹೋದ. ನಾನು ಅಲ್ಲಿ ನಿಲ್ಲುವುದು ಸರಿಯಲ್ಲ ಅಂತ ಬೇಲಿಯ ಹತ್ತಿರ ಬಂದೆ.

"ಏನಂದ?" ಅಂತ ಅಕ್ಕ ಕೇಳಿದಳು.

"ಅವಳ ಹತ್ರ ನೀರು ಕೇಳಿದ."

ಅಕ್ಕ ಮೋರಿಯ ತನಕ ನಡೆದು ಕಟ್ಟೆಯ ಮೇಲೆ ಕೂತುಬಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಭಾವನ ಮಾತು ಬಂದಾಗಲೂ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ, ಬೋಳು ಮರದ ಮುಂದೆಯೂ ನೋಡಿರಲಿಲ್ಲ. ನಾನು ಹೆಗಲ ಮೇಲೆ ಕೈಯಿಡಲು ಹೋದೆ. ಮೆಲ್ಲಗೆ ನನ್ನ ಕೈ ಸರಿಸಿದಳು, "ಈಗ ಬೇಡ" ಅಂದಳು. ನಾನು ಸ್ವಲ್ಪ ದೂರ ಹೋಗಿ ನಿಂತು, ಬಸ್ಸಿನ ಹೊತ್ತಾಗುವ ತನಕ ಕಾದೆ.